ಆಜ್ಞಾಪಂಕ್ತಿಯ ಸಂಪಾದನೆ: ರೀಡ್‌ಲೈನ್ ಲೈಬ್ರರಿಯ ವಿಮರ್ಶೆ

1

ಗಣಕಯಂತ್ರಕ್ಕೆ ಬರಹದ ಮೂಲಕ ಅಪ್ಪಣೆ ಕೊಡುವ ಕ್ರಮವು ಚಿತ್ರಗಳನ್ನೊತ್ತಿ ಕೆಲಸ ನಡೆಸುವ ಕ್ರಮಕ್ಕಿಂತ ಹಳೆಯದು. ಆದರೂ ಅದು ಅಳಿದುಹೋಗಿಲ್ಲ. ಪ್ರೋಗ್ರಾಮುಗಳನ್ನು ರಚಿಸುವವರೂ ದೂರದ ಸರ್ವರುಗಳನ್ನು ನೋಡಿಕೊಳ್ಳುವವರೂ ಇಂದಿಗೂ ಷೆಲ್ ಎಂಬ ಆಜ್ಞಾಗ್ರಾಹಕದ ಮುಂದೆ ಬಹಳ ಹೊತ್ತನ್ನು ಕಳೆಯುತ್ತಾರೆ. ಅಲ್ಲಿ ನಡೆಯುವ ವ್ಯವಹಾರವು ಒಂದೊಂದೇ ಸಾಲಿನದು. ಸಾಲನ್ನು ಬರೆಯುವುದು, ತಿದ್ದುವುದು, ಎಂಟರ್ ಕೀಲಿಯನ್ನೊತ್ತುವುದು. ಒಡನೆಯೇ ಆ ಸಾಲು ಕಾರ್ಯವಾಗುತ್ತದೆ. ಕಡತಗಳನ್ನು ಅಳಿಸುವ ‘ಆರ್‌ಎಂ’ ಎಂಬ ಆಜ್ಞೆಯು ಒಮ್ಮೆ ನಡೆದುಹೋದ ಮೇಲೆ ಅದನ್ನು ಹಿಂದಕ್ಕೆ ಪಡೆಯುವ ಉಪಾಯವು ಷೆಲ್ಲಿನಲ್ಲಿ ಇಲ್ಲ. ಆದಕಾರಣ ಬರೆಯುವುದಕ್ಕೂ ಎಂಟರ್ ಒತ್ತುವುದಕ್ಕೂ ನಡುವಣ ಅಲ್ಪಕಾಲವೇ ವಿವೇಚನೆಗೆ ದೊರೆಯುವ ಏಕಮಾತ್ರ ಅವಕಾಶವಾಗಿದೆ.

ಆ ಅಲ್ಪಕಾಲವನ್ನು ಆಳುವ ಉಪಕರಣವೇ ಸಾಲು ತಿದ್ದುವ ಲೈಬ್ರರಿ. ಲೈಬ್ರರಿಯೆಂದರೆ ಇಲ್ಲಿ ಪುಸ್ತಕಭಂಡಾರವಲ್ಲ. ಅನೇಕ ಪ್ರೋಗ್ರಾಮುಗಳು ಎರವಾಗಿ ಪಡೆದು ಸಮಾನವಾಗಿ ಬಳಸಿಕೊಳ್ಳುವ ಕ್ರಿಯಾಭಾಗಗಳ ಸಮುಚ್ಚಯ. ಈ ಜಾತಿಯ ಲೈಬ್ರರಿಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ಗ್ನೂ ಯೋಜನೆಯ ರೀಡ್‌ಲೈನ್. ಅದನ್ನು ಉತ್ತಮಪಡಿಸಬೇಕೆಂಬ ಮಾತು ಬಹುಕಾಲದಿಂದ ಕೇಳಿಬರುತ್ತಿದೆ. ಅದಕ್ಕಿಂತ ಉತ್ತಮವಾದುದನ್ನು ಕೊಡುವೆವೆಂದು ಹೊರಟು ಬೇರೆ ಲೈಬ್ರರಿಗಳನ್ನೇ ಕಟ್ಟಿದವರೂ ಹಲವರುಂಟು. ಆದರೆ ಉತ್ತಮವೆಂದರೇನು ಎಂಬುದನ್ನು ಮೊದಲು ನಿರ್ಣಯಿಸಿಕೊಳ್ಳದೆ ಗುಣದೋಷಗಳನ್ನು ಎಣಿಸುವುದರಿಂದ ಪ್ರಯೋಜನವಿಲ್ಲ. ತೆರೆಯ ಮೇಲಣ ಬಣ್ಣವಾಗಲಿ, ವೇಗವಾಗಲಿ, ಸೌಲಭ್ಯಗಳ ಸಂಖ್ಯೆಯಾಗಲಿ ಇದಕ್ಕೆ ಒರೆಗಲ್ಲಾಗಲಾರದು. ಎಂಟರ್ ಒತ್ತುವವರೆಗೆ ಸಾಲು ಬರೆಯುವವರ ಸ್ವತ್ತು. ತೆರೆಯ ಮೇಲೆ ಕಂಡುದೇ ನಡೆಯಬೇಕು, ಕಾಣದುದೂ ಒಪ್ಪದುದೂ ನಡೆಯಬಾರದು. ಈ ಒಂದು ನಿಯಮವನ್ನು ಕಾಪಾಡುವ ಬದಲಾವಣೆಯು ಸುಧಾರಣೆ; ಅದನ್ನು ಸಡಿಲಿಸುವುದು ಎಷ್ಟೇ ಸೊಗಸಾಗಿದ್ದರೂ ಸುಧಾರಣೆಯಲ್ಲ. ರೀಡ್‌ಲೈನನ್ನು ಈ ಒರೆಗಲ್ಲಿಗೆ ತಿಕ್ಕಿ ನೋಡುವುದೇ ಪ್ರಸ್ತುತ ವಿಮರ್ಶೆಯ ಉದ್ದೇಶ.

2

ರೀಡ್‌ಲೈನಿನ ಬೆಲೆಯನ್ನು ತಿಳಿಯಬೇಕಾದರೆ ಅದಕ್ಕೆ ಹಿಂದಿನ ಸ್ಥಿತಿಯನ್ನು ನೆನೆಯಬೇಕು. ಯೂನಿಕ್ಸಿನ ಆದಿಕಾಲದಲ್ಲಿ ಕೀಲಿಮಣೆಯೊಡನೆ ಇದ್ದುದು ತೆರೆಯಲ್ಲ, ಕಾಗದದ ಮೇಲೆ ಮುದ್ರಿಸುವ ಟೆಲಿಟೈಪ್ ಯಂತ್ರ. ಕಾಗದದ ಮೇಲೆ ಬಿದ್ದ ಅಕ್ಷರವನ್ನು ಅಳಿಸುವಂತಿರಲಿಲ್ಲ. ಆದುದರಿಂದ ‘#’ ಎಂಬ ಚಿಹ್ನೆಯನ್ನೊತ್ತಿದರೆ ಹಿಂದಿನ ಒಂದಕ್ಷರ ರದ್ದಾಯಿತೆಂದೂ, ‘@’ ಎಂಬುದನ್ನೊತ್ತಿದರೆ ಸಾಲೆಲ್ಲ ರದ್ದಾಯಿತೆಂದೂ ಸಂಕೇತವಿತ್ತು. ಈ ತಿದ್ದುಪಡಿಯನ್ನು ನಡೆಸುತ್ತಿದ್ದುದು ಷೆಲ್ಲಲ್ಲ. ಅದಕ್ಕೂ ಕೆಳಗಿರುವ ಕರ್ನೆಲಿನ ಟರ್ಮಿನಲ್ ಭಾಗ. ಸಾಲಿನ ನಡುವೆ ಹೋಗಿ ಒಂದಕ್ಷರವನ್ನು ಸೇರಿಸುವುದು ಸಾಧ್ಯವಿರಲಿಲ್ಲ. ತಪ್ಪು ಮೊದಲ ಪದದಲ್ಲಿದ್ದರೆ ಆಮೇಲಿನ ಪದಗಳೆಲ್ಲವನ್ನೂ ಬಲಿಕೊಡಬೇಕಾಗಿತ್ತು.

1970ರ ದಶಕದ ಕೊನೆಯಲ್ಲಿ ಬರ್ಕ್ಲಿಯ ಬಿಲ್ ಜಾಯ್ ಅವರು ರಚಿಸಿದ ಸಿ ಷೆಲ್ ಹಿಂದಿನ ಆಜ್ಞೆಗಳನ್ನು ನೆನಪಿಡುವ ಪದ್ಧತಿಯನ್ನು ತಂದಿತು. ‘!’ ಚಿಹ್ನೆಯ ಮೂಲಕ ಹಳೆಯ ಆಜ್ಞೆಯನ್ನು ಹೆಸರಿಸಿದರೆ ಅದು ಮತ್ತೆ ನಡೆಯುತ್ತಿತ್ತು. ಟೆನೆಕ್ಸ್ ಎಂಬ ಇನ್ನೊಂದು ವ್ಯವಸ್ಥೆಯಲ್ಲಿ, ಅರ್ಧ ಬರೆದ ಹೆಸರನ್ನು ಯಂತ್ರವೇ ಪೂರ್ತಿಮಾಡುವ ಅನುಕೂಲವಿತ್ತು. ಅದನ್ನು ಸಿ ಷೆಲ್ಲಿಗೆ ಸೇರಿಸಿದುದರಿಂದ ‘ಟಿ-ಸಿ ಷೆಲ್’ ಹುಟ್ಟಿತು. ಬೆಲ್ ಪ್ರಯೋಗಶಾಲೆಯ ಡೇವಿಡ್ ಕಾರ್ನ್ ಅವರ ಷೆಲ್ಲು 1983ರಲ್ಲಿ ಪ್ರಕಟವಾದಾಗ, ಈಮ್ಯಾಕ್ಸ್ ಮತ್ತು ವಿಐ ಎಂಬ ಎರಡು ಪ್ರಸಿದ್ಧ ಸಂಪಾದಕಗಳ ಕೀಲಿಗಳಿಂದ ಸಾಲನ್ನು ತಿದ್ದುವ ಸೌಕರ್ಯವು ಅದರಲ್ಲಿತ್ತು. ಆದರೆ ಈ ಸೌಕರ್ಯಗಳೆಲ್ಲವೂ ಒಂದೊಂದು ಷೆಲ್ಲಿನ ಒಡಲೊಳಗೇ ಅಡಗಿದ್ದುವು. ಷೆಲ್ಲಿನಿಂದ ಹೊರಟು ಬೇರೊಂದು ಪ್ರೋಗ್ರಾಮನ್ನು ಹೊಕ್ಕೊಡನೆ ಬಳಕೆದಾರರು ಮತ್ತೆ ಟೆಲಿಟೈಪಿನ ಕಾಲಕ್ಕೆ ಹಿಂದಿರುಗುತ್ತಿದ್ದರು.

1989ರಲ್ಲಿ ಬ್ರಿಯನ್ ಫಾಕ್ಸ್ ಅವರು ಫ್ರೀ ಸಾಫ್ಟ್‌ವೇರ್ ಫೌಂಡೇಷನ್ನಿಗಾಗಿ ಬ್ಯಾಷ್ ಎಂಬ ಷೆಲ್ಲನ್ನು ಹೊರತಂದರು. ಅದರ ಸಾಲು ತಿದ್ದುವ ಭಾಗವು ಪ್ರತ್ಯೇಕಗೊಂಡು ಯಾವ ಪ್ರೋಗ್ರಾಮಾದರೂ ಬಳಸಬಹುದಾದ ಲೈಬ್ರರಿಯಾಯಿತು, ಅದೇ ರೀಡ್‌ಲೈನ್. ಅನಂತರ ಅದರ ಪೋಷಣೆಯ ಭಾರವು ಚೆಟ್ ರೇಮಿ ಅವರಿಗೆ ಬಂದು, ಮೂರು ದಶಕಗಳಿಗಿಂತ ಹೆಚ್ಚು ಕಾಲ ಅವರ ಕೈಯಲ್ಲಿಯೇ ಬೆಳೆದಿದೆ.

3

ರೀಡ್‌ಲೈನಿನ ಪ್ರಧಾನಗುಣವು ಅದರ ಯಾವ ಒಂದು ಸೌಲಭ್ಯದಲ್ಲಿಯೂ ಇಲ್ಲ. ಎಲ್ಲ ಕಡೆಯೂ ಅದೇ ಇರುವುದರಲ್ಲಿದೆ. ಕಂಟ್ರೋಲ್-ಎ ಒತ್ತಿದರೆ ಸಾಲಿನ ಮೊದಲಿಗೆ, ಕಂಟ್ರೋಲ್-ಇ ಒತ್ತಿದರೆ ಕೊನೆಗೆ, ಕಂಟ್ರೋಲ್-ಆರ್ ಒತ್ತಿದರೆ ಹಿಂದಿನ ಆಜ್ಞೆಗಳ ಶೋಧಕ್ಕೆ ಎಂಬ ಅಭ್ಯಾಸವನ್ನು ಬ್ಯಾಷಿನಲ್ಲಿ ಕಲಿತವರು, ದೋಷಶೋಧಕವಾದ ಜಿಡಿಬಿಯಲ್ಲಿಯೂ ಪೋಸ್ಟ್‌ಗ್ರೆಸ್ ದತ್ತಾಂಶಕೋಶದ ಪಿಎಸ್‌ಕ್ಯೂಎಲ್‌ನಲ್ಲಿಯೂ ಅದನ್ನೇ ಬಳಸಬಲ್ಲರು. ಬೆರಳಿಗೆ ಅಂಟಿದ ಅಭ್ಯಾಸವು ಯೋಚನೆಯನ್ನು ಬೇಡುವುದಿಲ್ಲ; ಯೋಚನೆಯೆಲ್ಲವೂ ಬರೆಯುತ್ತಿರುವ ಆಜ್ಞೆಗೇ ಮೀಸಲಾಗಿ ಉಳಿಯುತ್ತದೆ. ಸಾಲು ಬರೆಯುವವರ ಸ್ವತ್ತೆಂಬ ನಿಯಮಕ್ಕೆ ಇದೇ ಮೊದಲ ಆಧಾರ: ಕೈ ಎಲ್ಲಿ ಏನು ಮಾಡುವುದೆಂಬ ಖಚಿತತೆ.

ಎರಡನೆಯ ಗುಣವು ಸ್ವಾತಂತ್ರ್ಯ. ‘ಇನ್‌ಪುಟ್‌ಆರ್‌ಸಿ’ ಎಂಬ ಒಂದೇ ಕಡತದಲ್ಲಿ ಕೀಲಿಗಳ ವಿನಿಯೋಗವನ್ನು ಬದಲಿಸಿದರೆ ಲೈಬ್ರರಿಯನ್ನು ಬಳಸುವ ಪ್ರೋಗ್ರಾಮುಗಳೆಲ್ಲವೂ ಆ ಬದಲಾವಣೆಯನ್ನು ಮನ್ನಿಸುತ್ತವೆ. ಇಂಥ ಪ್ರೋಗ್ರಾಮಿನಲ್ಲಿ ಮಾತ್ರ ಇಂಥ ಕೀಲಿ ಎಂದು ಷರತ್ತು ಹಾಕುವುದಕ್ಕೂ ಅವಕಾಶವಿದೆ. ಮೂರನೆಯದು, ಮಾಡಿದ ತಿದ್ದುಪಡಿಯನ್ನು ಮೆಟ್ಟಿಲುಮೆಟ್ಟಿಲಾಗಿ ರದ್ದುಪಡಿಸುವ ಸೌಕರ್ಯ. ಕತ್ತರಿಸಿದ ಭಾಗವೂ ಕಳೆದುಹೋಗದೆ ಒಂದು ಸಂಗ್ರಹದಲ್ಲಿ ಉಳಿದಿದ್ದು, ಕಂಟ್ರೋಲ್-ವೈ ಒತ್ತಿದರೆ ಹಿಂದಕ್ಕೆ ಬರುತ್ತದೆ. ಟೆಲಿಟೈಪಿನ ‘@’ ಚಿಹ್ನೆಯು ಸಾಲನ್ನು ಕೊಂದುಹಾಕುತ್ತಿದ್ದರೆ, ಇಲ್ಲಿ ಕೊಂದುದೂ ಮತ್ತೆ ಬದುಕುತ್ತದೆ. ಈ ಮೂರು ಗುಣಗಳಿಗಾಗಿ ರೀಡ್‌ಲೈನ್ ಪ್ರಶಂಸಾರ್ಹವೆಂಬುದರಲ್ಲಿ ಸಂದೇಹವಿಲ್ಲ.

4

ಲೈಬ್ರರಿಯು ತನ್ನ ಆಯುಷ್ಯದಲ್ಲಿ ಪಡೆದ ಸುಧಾರಣೆಗಳಲ್ಲಿ ಅತ್ಯಂತ ಶ್ರೇಷ್ಠವಾದುದು ಹೊರನೋಟಕ್ಕೆ ಅತ್ಯಲ್ಪವಾಗಿ ಕಾಣುತ್ತದೆ. ಬೇರೆಡೆಯಿಂದ ನಕಲು ಮಾಡಿದ ಪಠ್ಯವನ್ನು ಟರ್ಮಿನಲ್ಲಿನಲ್ಲಿ ಪೇಸ್ಟ್ ಮಾಡಿದಾಗ, ಅದು ಬೆರಳಿನಿಂದ ಬರೆದುದೋ ಒಟ್ಟಿಗೆ ಅಂಟಿಸಿದುದೋ ಎಂಬ ಭೇದವು ಷೆಲ್ಲಿಗೆ ಮೊದಲು ತಿಳಿಯುತ್ತಿರಲಿಲ್ಲ. ಪಠ್ಯದಲ್ಲಿ ಸಾಲು ಮುಗಿಯುವ ಚಿಹ್ನೆಯೊಂದಿದ್ದರೆ ಅದನ್ನು ಎಂಟರೆಂದೇ ಎಣಿಸಿ ಆಜ್ಞೆಯನ್ನು ನಡೆಸಿಬಿಡುತ್ತಿತ್ತು. ಅಂತರ್ಜಾಲದ ಪುಟವೊಂದರಲ್ಲಿ ಕಣ್ಣಿಗೆ ಕಾಣದಂತೆ ಅಡಗಿಸಿದ ಅಕ್ಷರಗಳೂ ನಕಲಿನೊಡನೆ ಬರಬಲ್ಲವಾದುದರಿಂದ, ಒಂದು ಆಜ್ಞೆಯನ್ನು ನಂಬಿ ಅಂಟಿಸಿದವರ ಯಂತ್ರದಲ್ಲಿ ಇನ್ನೊಂದು ಆಜ್ಞೆ ನಡೆಯುವ ಅಪಾಯವಿತ್ತು. ಕಾಣದುದೂ ಒಪ್ಪದುದೂ ನಡೆಯುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಾಗಿಲ್ಲ.

ಇದಕ್ಕೆ ಪರಿಹಾರವು ‘ಬ್ರ್ಯಾಕೆಟೆಡ್ ಪೇಸ್ಟ್’ ಎಂಬ ಒಪ್ಪಂದ. ಅಂಟಿಸಿದ ಪಠ್ಯದ ಮೊದಲಲ್ಲಿ ಒಂದು ಗುರುತನ್ನೂ ಕೊನೆಯಲ್ಲಿ ಇನ್ನೊಂದು ಗುರುತನ್ನೂ ಟರ್ಮಿನಲ್ ತಾನೇ ಇಟ್ಟು ಕಳುಹಿಸುತ್ತದೆ. ಎರಡು ಗುರುತುಗಳ ನಡುವಣ ಪಠ್ಯವನ್ನು ರೀಡ್‌ಲೈನ್ ಅಕ್ಷರಶಃ ಸಾಲಿಗೆ ಸೇರಿಸಿಕೊಂಡು, ಬರೆಯುವವರು ನಿಜವಾದ ಎಂಟರನ್ನೊತ್ತುವವರೆಗೆ ಕಾಯುತ್ತದೆ. ಈ ಅನುಕೂಲವು 2016ರ 7.0 ಆವೃತ್ತಿಯಲ್ಲಿ ಬಂದಿತು; ಆದರೆ ಬೇಕೆಂದು ಬರೆದುಕೊಂಡವರಿಗೆ ಮಾತ್ರ ದೊರೆಯುತ್ತಿತ್ತು. ಎಲ್ಲರಿಗೂ ಡಿಫಾಲ್ಟಾಗಿ ದೊರೆತುದು 2020ರ ಡಿಸೆಂಬರಿನ 8.1 ಆವೃತ್ತಿಯಲ್ಲಿ. ಅಂಟಿಸಿದ ಭಾಗವನ್ನು ಬೇರೆಯಾಗಿ ಎತ್ತಿ ತೋರಿಸುವ ಪದ್ಧತಿಯೂ ಅದರೊಡನೆ ಬಂದಿತು.

ನಡುವೆ ಕಳೆದ ನಾಲ್ಕು ವರ್ಷಗಳು ವಿಚಾರಾರ್ಹವಾದುವು. ಅಪಾಯವನ್ನು ಬಲ್ಲವರು ಇನ್‌ಪುಟ್‌ಆರ್‌ಸಿಯಲ್ಲಿ ಒಂದು ಸಾಲನ್ನು ಸೇರಿಸಿ ಪಾರಾದರು. ರಕ್ಷಣೆ ಯಾರಿಗೆ ಹೆಚ್ಚು ಅಗತ್ಯವಾಗಿತ್ತೋ ಆ ಹೊಸಬರಿಗೆ ಅಂಥದೊಂದು ಸಾಲುಂಟೆಂಬುದೇ ತಿಳಿದಿರಲಿಲ್ಲ. ಆದರೂ ಈ ವಿಳಂಬವನ್ನು ಬರಿಯ ಆಲಸ್ಯವೆಂದು ಹಳಿಯುವುದು ನ್ಯಾಯವಲ್ಲ. ಷೆಲ್ಲಿನ ಮಾತನ್ನು ಓದಿ ತಾವಾಗಿ ಉತ್ತರ ಕೊಡುವ ಪ್ರೋಗ್ರಾಮುಗಳು ಉಂಟು. ಡಿಫಾಲ್ಟ್ ಬದಲಾದಾಗ ಅವು ತಾವು ನಿರೀಕ್ಷಿಸದ ಸಂಕೇತಗಳನ್ನು ಕಂಡು ತಬ್ಬಿಬ್ಬಾದುವು. ಮೂವತ್ತು ವರ್ಷ ನಿಂತ ಕಟ್ಟಡದಲ್ಲಿ ಒಂದು ಕಲ್ಲನ್ನು ಕದಲಿಸುವವರು ಅದರ ಮೇಲೆ ನಿಂತವರನ್ನು ನೋಡಬೇಕಾಗುವುದು ಸಹಜ. ಮತ್ತು ಈ ರಕ್ಷಣೆಯೂ ಸಂಪೂರ್ಣವಾದುದಲ್ಲ. ಅಂಟಿಸುವ ಪಠ್ಯದೊಳಗೇ ಮುಕ್ತಾಯದ ಗುರುತನ್ನು ಅಡಗಿಸಿಟ್ಟಿದ್ದರೆ ಅದನ್ನು ಶೋಧಿಸಿ ತೆಗೆಯುವ ಹೊಣೆ ಟರ್ಮಿನಲ್ಲಿನದು. ಅದು ತಪ್ಪಿದರೆ ಲೈಬ್ರರಿಯೂ ಮೋಸಹೋಗುತ್ತದೆ.

5

ಇನ್ನು ದೋಷಗಳ ವಿಚಾರ. ಮೊದಲನೆಯದು ‘!’ ಚಿಹ್ನೆಯದು. ಸಿ ಷೆಲ್ಲಿನಿಂದ ಬಂದ ಈ ಸಂಕ್ಷೇಪವು ರೀಡ್‌ಲೈನಿನ ಜತೆಗಾರವಾದ ಇತಿಹಾಸ ಲೈಬ್ರರಿಯಲ್ಲಿಯೂ ಉಳಿದಿದೆ. ಅದರ ಸ್ವಭಾವವು ವಿಚಿತ್ರವಾದುದು: ಬರೆದವರು ಕಂಡ ಸಾಲು ಒಂದು, ಎಂಟರ್ ಒತ್ತಿದ ಮೇಲೆ ‘!’ ಬಿಚ್ಚಿಕೊಂಡು ನಡೆಯುವ ಸಾಲು ಇನ್ನೊಂದು. ಷೆಲ್ಲು ಬಿಚ್ಚಿದ ಸಾಲನ್ನು ತೋರಿಸುತ್ತದೆ, ನಿಜ. ಆದರೆ ತೋರಿಸುವುದೂ ನಡೆಸುವುದೂ ಒಟ್ಟಿಗೇ ಆಗುವುದರಿಂದ ಆ ತೋರಿಕೆಯು ಎಚ್ಚರಿಕೆಯಲ್ಲ, ಕೇವಲ ವರದಿ. ಬಿಚ್ಚಿದ ಸಾಲನ್ನು ಮತ್ತೆ ಬರೆಯುವವರ ಮುಂದಿಟ್ಟು ಇನ್ನೊಂದು ಎಂಟರಿಗಾಗಿ ಕಾಯುವ ‘ಹಿಸ್ಟ್‌ವೆರಿಫೈ’ ಎಂಬ ಆಯ್ಕೆ ಬ್ಯಾಷಿನಲ್ಲಿದೆ. ಅದು ಡಿಫಾಲ್ಟಾಗಿ ನಿದ್ರಿಸುತ್ತಿದೆ.

ಎರಡನೆಯದು ಇದಕ್ಕಿಂತ ಘೋರವಾದುದು. ಸಾಲು ಬಹಳ ಉದ್ದವಾದಾಗ ಅದನ್ನು ಪೂರ್ಣಪ್ರಮಾಣದ ಸಂಪಾದಕದಲ್ಲಿ ತೆರೆದು ತಿದ್ದುವುದಕ್ಕಾಗಿ ಬ್ಯಾಷ್ ಷೆಲ್ಲು ರೀಡ್‌ಲೈನಿಗೆ ಒಂದು ಕ್ರಿಯೆಯನ್ನು ಸೇರಿಸಿದೆ. ಕಂಟ್ರೋಲ್-ಎಕ್ಸ್, ಕಂಟ್ರೋಲ್-ಇ ಎಂಬುವನ್ನು ಒಂದಾದ ಮೇಲೊಂದು ಒತ್ತಿದರೆ ಅದು ನಡೆಯುತ್ತದೆ. ಸಂಪಾದಕದಿಂದ ಹೊರಬಂದೊಡನೆಯೇ ಅಲ್ಲಿದ್ದ ಪಠ್ಯವು ಆಜ್ಞೆಯಾಗಿ ನಡೆದುಬಿಡುತ್ತದೆ. ಮನಸ್ಸು ಬದಲಿಸಿ, ಏನನ್ನೂ ಉಳಿಸದೆ ಸಂಪಾದಕವನ್ನು ಮುಚ್ಚಿದವರ ಗತಿಯೇನು? ತಾತ್ಕಾಲಿಕ ಕಡತದಲ್ಲಿ ಮೊದಲಿನ ಸಾಲು ಹಾಗೆಯೇ ಇರುವುದರಿಂದ ಆ ಮೊದಲಿನ ಸಾಲೇ ನಡೆಯುತ್ತದೆ. ತಪ್ಪಿಸಿಕೊಳ್ಳಬೇಕಾದರೆ ಪಠ್ಯವನ್ನೆಲ್ಲ ಅಳಿಸಿ ಉಳಿಸಬೇಕು, ಅಥವಾ ಸಂಪಾದಕವು ವಿಫಲವಾಯಿತೆಂಬ ಸಂಕೇತದೊಡನೆ ಹೊರಬರಬೇಕು. ‘ಬೇಡ’ವೆಂದು ಹೇಳುವುದಕ್ಕೆ ಬಾಗಿಲನ್ನು ಮುಚ್ಚಿಕೊಂಡರೆ ಅದನ್ನೇ ‘ಆಗಲಿ’ ಎಂದು ಅರ್ಥಮಾಡುವ ಆಳಿನಂತೆ ಇದರ ವರ್ತನೆ. ಜಡ್-ಷೆಲ್ಲಿನಲ್ಲಿಯೂ ಫಿಶ್ ಷೆಲ್ಲಿನಲ್ಲಿಯೂ ಇದೇ ಕೆಲಸಕ್ಕಿರುವ ಕ್ರಿಯೆಗಳು ತಿದ್ದಿದ ಪಠ್ಯವನ್ನು ಸಾಲಿಗೇ ಹಿಂದಿರುಗಿಸಿ ಎಂಟರಿಗಾಗಿ ಕಾಯುತ್ತವೆ. ನಿಯಮವನ್ನು ಕಾಪಾಡುವುದು ಕಷ್ಟಸಾಧ್ಯವಲ್ಲವೆಂಬುದಕ್ಕೆ ಇವೇ ಸಾಕ್ಷಿ.

ಮೂರನೆಯ ದೋಷವು ಸೂಕ್ಷ್ಮವಾದುದು. ಹಸ್ತಪ್ರತಿಗಳ ಪಾಠಪರಿಷ್ಕರಣವನ್ನು ಬಲ್ಲವರಿಗೆ ಅದರ ಗುರುತ್ವವು ಒಡನೆ ತಿಳಿಯುವುದು. ಮೇಲ್ಬಾಣದ ಕೀಲಿಯಿಂದ ಹಿಂದಿನ ಆಜ್ಞೆಯೊಂದಕ್ಕೆ ಹೋಗಿ, ಅದನ್ನು ಸ್ವಲ್ಪ ತಿದ್ದಿ, ಆಮೇಲೆ ಬೇಡವೆಂದು ಬೇರೊಂದು ಸಾಲಿಗೆ ಸರಿದು ಎಂಟರ್ ಒತ್ತಿದರೆ, ಆ ಹಳೆಯ ಆಜ್ಞೆಯು ಪಟ್ಟಿಯಲ್ಲಿ ತಿದ್ದಿದ ರೂಪದಲ್ಲಿಯೇ ಉಳಿಯುತ್ತದೆ. ಎಂದೂ ನಡೆಯದ ಆಜ್ಞೆಯೊಂದು ನಡೆದುದೆಂಬಂತೆ ದಾಖಲೆಯಲ್ಲಿ ನಿಲ್ಲುತ್ತದೆ; ನಿಜವಾಗಿ ನಡೆದುದು ಮಾಯವಾಗುತ್ತದೆ. ನಿನ್ನೆ ಏನಾಯಿತೆಂದು ಶೋಧಿಸುವವರಿಗೆ ಈ ಪಟ್ಟಿಯೇ ಮೂಲಪ್ರತಿ. ಮೂಲಪ್ರತಿಯ ಮೇಲೆಯೇ ಲಿಪಿಕಾರನು ತನ್ನ ಊಹೆಯನ್ನು ಬರೆದಿಟ್ಟರೆ ಆಮೇಲಿನ ಪರಿಷ್ಕರ್ತನು ಮಾಡುವುದೇನು? ತಿದ್ದಿದ ಸಾಲಿಗೆ ಒಂದು ನಕ್ಷತ್ರಚಿಹ್ನೆಯನ್ನಿಡುವ ಆಯ್ಕೆಯೂ, ಎಂಟರ್ ಒತ್ತಿದಾಗಲೆಲ್ಲ ಹಳೆಯ ಸಾಲುಗಳನ್ನು ಮೂಲಕ್ಕೆ ತರುವ ಆಯ್ಕೆಯೂ ರೀಡ್‌ಲೈನಿನಲ್ಲಿವೆ. ಕೇಳದಿದ್ದರೆ ಎರಡೂ ಕೆಲಸಕ್ಕೆ ಬರುವುದಿಲ್ಲ.

ಈ ಮೂರು ದೋಷಗಳಿಗೂ ಸಮಾನವಾದ ಲಕ್ಷಣವೊಂದುಂಟು. ಪರಿಹಾರವು ಎಲ್ಲಿಯೂ ಅಜ್ಞಾತವಲ್ಲ. ಮೊದಲನೆಯದಕ್ಕೂ ಮೂರನೆಯದಕ್ಕೂ ಅದು ಸಿದ್ಧವಾಗಿಯೇ ಇದ್ದು ಆಯ್ಕೆಗಳ ಉಗ್ರಾಣದಲ್ಲಿ ಬಿದ್ದಿದೆ, ಎರಡನೆಯದಕ್ಕೆ ನೆರೆಯ ಷೆಲ್ಲುಗಳು ಮೇಲ್ಪಂಕ್ತಿಯನ್ನು ಹಾಕಿಕೊಟ್ಟಿವೆ. ಆದುದರಿಂದ ರೀಡ್‌ಲೈನಿಗೆ ಕೊರತೆಯಾಗಿರುವುದು ಜಾಣ್ಮೆಯಲ್ಲ; ಡಿಫಾಲ್ಟ್ ಯಾವುದಾಗಿರಬೇಕೆಂಬ ನಿರ್ಧಾರ.

6

ಕಂಡುದೇ ನಡೆಯಬೇಕಾದರೆ ಕಾಣುವುದು ಸರಿಯಾಗಿರಬೇಕು. ಸಾಲನ್ನು ತೆರೆಯ ಮೇಲೆ ಬರೆಯುವಾಗ ಕರ್ಸರು ಯಾವ ಕಂಬಸಾಲಿನಲ್ಲಿದೆಯೆಂದು ಲೈಬ್ರರಿಯು ಲೆಕ್ಕದಿಂದ ತಿಳಿಯುತ್ತದೆಯೇ ಹೊರತು ಕಣ್ಣಿನಿಂದಲ್ಲ. ಸಾಲಿನ ಮುಂದಿರುವ ಪ್ರಾಂಪ್ಟಿನಲ್ಲಿ ಬಣ್ಣದ ಸಂಕೇತಗಳಿದ್ದರೆ, ಅವು ಸ್ಥಳವನ್ನು ಆಕ್ರಮಿಸುವುದಿಲ್ಲವೆಂದು ವಿಶೇಷ ಗುರುತುಗಳಿಂದ ಹೇಳಬೇಕು. ಹೇಳದಿದ್ದರೆ ಅವನ್ನೂ ಅಕ್ಷರಗಳೆಂದೆಣಿಸಿ, ಉದ್ದವಾದ ಸಾಲು ಮಡಿಸುವ ಕಡೆ ಲೆಕ್ಕ ತಪ್ಪಿ, ಒಂದರ ಮೇಲೊಂದು ಬರೆದುಬಿಡುತ್ತದೆ. ಆಗ ತೆರೆಯ ಮೇಲಿರುವ ಸಾಲೂ ಲೈಬ್ರರಿಯ ನೆನಪಿನಲ್ಲಿರುವ ಸಾಲೂ ಬೇರೆಬೇರೆ. ಎಂಟರ್ ಒತ್ತಿದರೆ ನಡೆಯುವುದು ಎರಡನೆಯದು.

ಭಾರತೀಯ ಲಿಪಿಗಳ ವಿಷಯದಲ್ಲಿ ಈ ಲೆಕ್ಕವು ಇನ್ನೂ ತೊಡಕಾಗುತ್ತದೆ. 2002ರ 4.3 ಆವೃತ್ತಿಯಿಂದ ರೀಡ್‌ಲೈನ್ ಅನೇಕ ಬೈಟುಗಳಿಂದಾದ ಅಕ್ಷರಗಳನ್ನು ಗ್ರಹಿಸುತ್ತಿದೆ. ಕನ್ನಡದ ಹೆಸರುಳ್ಳ ಕಡತವನ್ನು ಷೆಲ್ಲಿನಲ್ಲಿ ಹೆಸರಿಸುವುದೂ, ಕನ್ನಡ ಪಠ್ಯಗಳಲ್ಲಿ ಒಂದು ಪದವನ್ನು ಶೋಧಿಸುವುದೂ ಸಾಧ್ಯವಾಗಿದೆ. ಆದರೆ ಅದರ ದೃಷ್ಟಿಯಲ್ಲಿ ಅಕ್ಷರವೆಂದರೆ ಯೂನಿಕೋಡಿನ ಒಂದು ಸಂಕೇತ ಮತ್ತು ಅದರ ಹಿಂದೆ ಬರುವ ಶೂನ್ಯ ಅಗಲದ ಚಿಹ್ನೆಗಳು. ಸಾಮಾನ್ಯವಾದ ಅಗಲಪಟ್ಟಿಗಳ ಪ್ರಕಾರ ಇಕಾರದ ಗುಡಿಸಿಗೆ ಅಗಲ ಶೂನ್ಯ, ಆಕಾರದ ದೀರ್ಘಕ್ಕೆ ಅಗಲ ಒಂದು. ಇದರ ಪರಿಣಾಮವಾಗಿ ‘ಕಿ’ ಎಂಬುದು ರೀಡ್‌ಲೈನಿಗೆ ಒಂದು ಹೆಜ್ಜೆ. ‘ಕಾ’ ಎಂಬುದು ಎರಡು ಹೆಜ್ಜೆ. ಬ್ಯಾಕ್‌ಸ್ಪೇಸನ್ನು ಒಮ್ಮೆ ಒತ್ತಿದರೆ ‘ಕಿ’ ಪೂರ್ತಿಯಾಗಿ ಅಳಿಯುತ್ತದೆ. ‘ಕಾ’ದಲ್ಲಿ ದೀರ್ಘವು ಮಾತ್ರ ಹೋಗಿ ‘ಕ’ ಉಳಿಯುತ್ತದೆ. ‘ಕ್ಷ’ದಲ್ಲಿ ‘ಷ’ ಹೋಗಿ ಅರೆವ್ಯಂಜನವು ನಿಲ್ಲುತ್ತದೆ. ಬಳ್ಳಿಯನ್ನು ಕಲಿತ ಮಗುವಿಗೂ ‘ಕಾ’, ‘ಕಿ’ ಎರಡೂ ಒಂದೊಂದೇ ಅಕ್ಷರ.

ಚಿಹ್ನೆಯನ್ನು ಬೇರೆಯಾಗಿ ಅಳಿಸುವುದೇ ತಪ್ಪೆಂದು ಇಲ್ಲಿಯ ವಾದವಲ್ಲ. ‘ಕಾ’ವನ್ನು ‘ಕಿ’ ಮಾಡಬೇಕಾದವರಿಗೆ ವ್ಯಂಜನವು ಉಳಿಯುವುದು ಅನುಕೂಲವೇ. ತಪ್ಪಿರುವುದು ಅನಿಯತತೆಯಲ್ಲಿ. ವರ್ಣಮಾಲೆಯ ಯಾವ ನಿಯಮದಿಂದಲೂ ಊಹಿಸಲಾಗದ ಭೇದವನ್ನು ಕೈ ಅಭ್ಯಾಸ ಮಾಡಲಾರದು. ಅಭ್ಯಾಸದ ಖಚಿತತೆಯೇ ಈ ಲೈಬ್ರರಿಯ ಪ್ರಧಾನಗುಣವೆಂದು ಮೇಲೆ ಹೇಳಿದೆಯಷ್ಟೆ. ಅಲ್ಲದೆ, ಲೈಬ್ರರಿಯು ‘ಕ್ಷ’ಕ್ಕೆ ಎರಡು ಅಂಕಣಗಳನ್ನೆಣಿಸಿ, ಟರ್ಮಿನಲ್ಲು ಅದನ್ನು ಒಂದೇ ಆಕೃತಿಯಾಗಿ ಬೇರೆ ಅಗಲದಲ್ಲಿ ಬರೆದರೆ, ಆಮೇಲೆ ಕರ್ಸರು ಕಾಣುವ ಸ್ಥಳವೂ ತಿದ್ದುಪಡಿ ಬೀಳುವ ಸ್ಥಳವೂ ಅಗಲುತ್ತವೆ. ಇದರ ಹೊಣೆಯೆಲ್ಲ ರೀಡ್‌ಲೈನಿನದಲ್ಲ. ಅಗಲಪಟ್ಟಿಯು ಕೆಳಗಿನ ಸಿ ಲೈಬ್ರರಿಯಿಂದ ಬಂದುದು; ಆಕೃತಿಯನ್ನು ಬರೆಯುವುದು ಟರ್ಮಿನಲ್. ಯೂನಿಕೋಡಿನ ನಿಯಮಗಳೂ ನಿಧಾನವಾಗಿ ಬೆಳೆದುವು: ಒತ್ತಕ್ಷರಗಳನ್ನು ನಡುವೆ ಒಡೆಯಬಾರದೆಂಬ ನಿಯಮವನ್ನು 2023ರ 15.1 ಆವೃತ್ತಿಯು ಸೇರಿಸಿದಾಗ, ಅದು ಅನ್ವಯಿಸಿದ ಆರು ಲಿಪಿಗಳಲ್ಲಿ ದೇವನಾಗರಿ, ತೆಲುಗು, ಮಲಯಾಳಗಳಿದ್ದುವು, ಕನ್ನಡವಿರಲಿಲ್ಲ. ಆದರೂ ಸಾಲಿನ ಘಟಕವು ಅಂಕಣವೋ, ಸಂಕೇತವೋ, ಅಕ್ಷರವೋ ಎಂಬುದನ್ನು ಸ್ಪಷ್ಟವಾಗಿ ನಿಶ್ಚಯಿಸಿ, ಅಂತೆಯೇ ನಡೆಯುವ ಕರ್ತವ್ಯವು ಸಾಲು ತಿದ್ದುವ ಲೈಬ್ರರಿಗೆ ತಪ್ಪಿದ್ದಲ್ಲ.

7

ರೀಡ್‌ಲೈನಿನ ಪ್ರತಿಸ್ಪರ್ಧಿಗಳು ಹುಟ್ಟಿದುದಕ್ಕೆ ಈ ದೋಷಗಳಿಗಿಂತಲೂ ಪ್ರಬಲವಾದ ಕಾರಣವೊಂದಿದೆ; ಅದು ಲೈಬ್ರರಿಯ ಪರವಾನೆ. ರೀಡ್‌ಲೈನನ್ನು ಸೇರಿಸಿಕೊಂಡ ಪ್ರೋಗ್ರಾಮನ್ನು ಹಂಚುವವರು ಅದನ್ನೂ ಜಿಪಿಎಲ್ ಪರವಾನೆಗೆ ಅನುಗುಣವಾಗಿಯೇ ಹಂಚಬೇಕೆಂಬುದು ಗ್ನೂ ಯೋಜನೆಯ ಷರತ್ತು. ಲೈಬ್ರರಿಯ ಸೌಕರ್ಯವನ್ನು ಬಯಸಿ ಬಂದವರು ತಮ್ಮ ಪ್ರೋಗ್ರಾಮಿನ ಮೂಲವನ್ನೂ ಸಾರ್ವಜನಿಕಗೊಳಿಸಲೆಂಬುದೇ ಅದರ ಆಶಯ. 1992ರಲ್ಲಿ ಸಿಲಿಸ್ಪ್ ಎಂಬ ಲಿಸ್ಪ್ ಭಾಷಾವ್ಯವಸ್ಥೆಯ ಕರ್ತೃಗಳಲ್ಲೊಬ್ಬರಾದ ಬ್ರೂನೋ ಹೈಬ್ಲೆ ಅವರಿಗೂ ರಿಚರ್ಡ್ ಸ್ಟಾಲ್‌ಮನ್ ಅವರಿಗೂ ಈ ವಿಷಯದಲ್ಲಿ ಪತ್ರವ್ಯವಹಾರ ನಡೆದು, ಕೊನೆಗೆ ಸಿಲಿಸ್ಪ್ ಅದೇ ಪರವಾನೆಯನ್ನು ಅಂಗೀಕರಿಸಿತು. ಆಶಯವು ಅಷ್ಟುಮಟ್ಟಿಗೆ ಫಲಿಸಿತು.

ಒಪ್ಪದವರು ಬೇರೆ ದಾರಿ ಹಿಡಿದರು. ಬಿಎಸ್‌ಡಿ ವಂಶದಲ್ಲಿ ಲಿಬ್‌ಎಡಿಟ್ ಬೆಳೆದು, ರೀಡ್‌ಲೈನಿನ ಹೆಸರುಗಳಿಂದಲೇ ಕರೆಯಬಹುದಾದ ಹೊರಮುಖವನ್ನು ಧರಿಸಿತು. 2010ರಲ್ಲಿ ಸಾಲ್ವಟೋರೆ ಸಾನ್‌ಫಿಲಿಪ್ಪೊ ಅವರು ರೆಡಿಸ್ ಎಂಬ ತಮ್ಮ ದತ್ತಾಂಶಕೋಶಕ್ಕಾಗಿ ಲೈನ್‌ನಾಯ್ಸ್ ಎಂಬ ಅತಿ ಚಿಕ್ಕ ಲೈಬ್ರರಿಯನ್ನು ಬರೆದು, ನಿತ್ಯೋಪಯೋಗಕ್ಕೆ ಬೇಕಾದುದು ಎಷ್ಟು ಅಲ್ಪವೆಂಬುದನ್ನು ತೋರಿಸಿಕೊಟ್ಟರು. ಫಿಶ್ ಷೆಲ್ಲಿನ 2.0 ಆವೃತ್ತಿಯು 2013ರಲ್ಲಿ ಬಂದು, ಹಿಂದಿನ ಆಜ್ಞೆಗಳ ಆಧಾರದಿಂದ ಸಾಲಿನ ಮುಂದಿನ ಭಾಗವನ್ನು ಮಸುಕಾದ ಬಣ್ಣದಲ್ಲಿ ಸೂಚಿಸುವ ಪದ್ಧತಿಯನ್ನು ಪ್ರಸಿದ್ಧಿಗೆ ತಂದಿತು. ಒರೆಗಲ್ಲಿಗೆ ಹಚ್ಚಿದರೆ ಇದು ಶುದ್ಧವಾದ ಚಿನ್ನ: ಸೂಚನೆಯು ಕಾಣುತ್ತದೆ, ಆದರೆ ಕೀಲಿಯೊತ್ತಿ ಸ್ವೀಕರಿಸುವವರೆಗೆ ಅದು ಸಾಲಿನ ಭಾಗವಲ್ಲ, ಎಂಟರ್ ಒತ್ತಿದರೆ ಬರೆದಷ್ಟೇ ನಡೆಯುತ್ತದೆ.

ಆದರೆ ಈ ಸಮೃದ್ಧಿಗೆ ತೆತ್ತ ಬೆಲೆಯನ್ನೂ ಹೇಳಬೇಕು. ಲಿಬ್‌ಎಡಿಟ್ ಓದುವುದು ಇನ್‌ಪುಟ್‌ಆರ್‌ಸಿಯನ್ನಲ್ಲ. ‘ಎಡಿಟ್‌ಆರ್‌ಸಿ’ ಎಂಬ ಬೇರೆ ವ್ಯಾಕರಣದ ಬೇರೆ ಕಡತವನ್ನು. ಪಿಎಸ್‌ಕ್ಯೂಎಲನ್ನು ಒಂದು ಯಂತ್ರದಲ್ಲಿ ರೀಡ್‌ಲೈನಿನೊಡನೆಯೂ ಇನ್ನೊಂದರಲ್ಲಿ ಲಿಬ್‌ಎಡಿಟಿನೊಡನೆಯೂ ಕಟ್ಟಿದ್ದರೆ, ಒಂದೇ ಹೆಸರಿನ ಪ್ರೋಗ್ರಾಮಿನಲ್ಲಿ ಕೈ ಎರಡು ರೀತಿ ನಡೆಯಬೇಕಾಗುತ್ತದೆ. ಪೈಥಾನ್ ಭಾಷೆಯ 3.13 ಆವೃತ್ತಿಯು 2024ರ ಅಕ್ಟೋಬರಿನಲ್ಲಿ ಪೈಪೈ ಯೋಜನೆಯಿಂದ ಎರವು ತಂದ ಹೊಸ ಸಂವಾದರಂಗವನ್ನು ಡಿಫಾಲ್ಟ್ ಮಾಡಿತು. ಅನೇಕ ಸಾಲುಗಳ ಒಂದು ಖಂಡವನ್ನು ಒಟ್ಟಾಗಿ ಹಿಂದಕ್ಕೆ ತಂದು ತಿದ್ದಬಹುದಾದುದು ಅದರ ದೊಡ್ಡ ಲಾಭ. ಸಾಲುಗಳನ್ನು ಒಂದೊಂದಾಗಿಯೇ ಎಣಿಸುವ ರೀಡ್‌ಲೈನ್ ಅದನ್ನು ಸರಿಯಾಗಿ ಕೊಟ್ಟಿರಲಿಲ್ಲ. ಆದರೆ ಇನ್‌ಪುಟ್‌ಆರ್‌ಸಿಯಲ್ಲಿ ವರ್ಷಗಟ್ಟಲೆ ಕೂಡಿಸಿಟ್ಟ ಕೀಲಿವ್ಯವಸ್ಥೆಯು ಆ ಆವೃತ್ತಿಯಲ್ಲಿ ನಡೆಯಲಿಲ್ಲ. ಬೇಕಾದವರು ಹಳೆಯ ರಂಗಕ್ಕೆ ಹಿಂದಿರುಗಬೇಕಾಯಿತು. ಪ್ರತಿಯೊಬ್ಬ ಸುಧಾರಕನೂ ತನ್ನ ಮನೆಯನ್ನು ಬೆಳಗಿಸಿದನು. ಎಲ್ಲ ಮನೆಗಳಿಗೂ ಹೊಂದುತ್ತಿದ್ದ ಒಂದು ಬೀಗದ ಕೈ ಕಳೆದುಹೋಯಿತು.

8

ಹೀಗಿರಲು ರೀಡ್‌ಲೈನನ್ನು ಉತ್ತಮಪಡಿಸುವವರು ಯಾವುದನ್ನು ಮೊದಲು ಮಾಡಬೇಕು? ಹೊಸ ಅಲಂಕಾರಗಳನ್ನಲ್ಲ. ಸಂಪಾದಕದಿಂದ ಹೊರಬಂದ ಪಠ್ಯವು ಸಾಲಿಗೆ ಹಿಂದಿರುಗಲಿ, ಬಿಚ್ಚಿದ ‘!’ ಇನ್ನೊಂದು ಎಂಟರಿಗಾಗಿ ಕಾಯಲಿ. ನಡೆದ ಆಜ್ಞೆಗಳ ಪಟ್ಟಿಯು ನಡೆದಂತೆಯೇ ಉಳಿಯಲಿ. ಮೊದಲೆರಡು ಬ್ಯಾಷಿನ ಕೆಲಸ, ಮೂರನೆಯದು ಲೈಬ್ರರಿಯದು. ಎರಡನ್ನೂ ಪೋಷಿಸುವ ಕೈ ಒಂದೇ ಆಗಿರುವುದರಿಂದ ಇವು ಒಮ್ಮುಖವಾಗಿ ನಡೆಯುವುದಕ್ಕೆ ಅಡ್ಡಿಯಿಲ್ಲ. ಆಮೇಲೆ ಅಕ್ಷರದ ಲೆಕ್ಕ: ‘ಕಾ’ ಮತ್ತು ‘ಕಿ’ ಒಂದೇ ನಿಯಮಕ್ಕೆ ಒಳಪಡಲಿ. ಅನೇಕ ಸಾಲುಗಳ ಆಜ್ಞೆಯನ್ನು ಒಂದು ಘಟಕವಾಗಿ ತಿದ್ದುವ ಶಕ್ತಿಯು ಅದಕ್ಕೂ ಮುಂದಿನ ಮಾತು. ಅದಕ್ಕೆ ಲೈಬ್ರರಿಯ ಒಳರಚನೆಯೇ ಬದಲಾಗಬೇಕು. ಸಾಲು, ಅದರ ಉದ್ದ, ಕರ್ಸರಿನ ಸ್ಥಾನ ಇವೆಲ್ಲವೂ ಅಲ್ಲಿ ಇಡೀ ಪ್ರೋಗ್ರಾಮಿಗೆ ಸಮಾನವಾದ ಗ್ಲೋಬಲ್ ಚರಗಳಾಗಿವೆ. ಬಳಸುವ ಪ್ರೋಗ್ರಾಮುಗಳು ಆ ಹೆಸರುಗಳನ್ನೇ ನಂಬಿ ಬರೆಯಲ್ಪಟ್ಟಿರುವುದರಿಂದ ಅವನ್ನು ಕದಲಿಸುವುದು ಸುಲಭವಲ್ಲ.

ಹಳೆಯ ಅಭ್ಯಾಸವನ್ನು ಕೆಡಿಸಬಾರದೆಂಬ ಆಕ್ಷೇಪವು ಇದಕ್ಕೆಲ್ಲ ಬರತಕ್ಕದ್ದೇ. ಅದು ಅಲ್ಲಗಳೆಯತಕ್ಕ ಆಕ್ಷೇಪವೂ ಅಲ್ಲ, ಏಕೆಂದರೆ ಅಭ್ಯಾಸವೇ ರೀಡ್‌ಲೈನಿನ ಆಸ್ತಿ. ಆದರೆ ಬ್ರ್ಯಾಕೆಟೆಡ್ ಪೇಸ್ಟಿನ ಅನುಭವವು ಇಲ್ಲಿ ಮಾರ್ಗದರ್ಶಕವಾಗಿದೆ. 2020ರ ಬದಲಾವಣೆಯು ಒಂದು ಕೀಲಿಯ ಅರ್ಥವನ್ನೂ ಕದಲಿಸಲಿಲ್ಲ. ಎಂಟರಿಗೆ ಮೊದಲೇ ಇದ್ದ ಅರ್ಥವನ್ನು ಭದ್ರಪಡಿಸಿತು. ಗೊಂದಲಕ್ಕೀಡಾದುವು ಕೆಲವು ಪ್ರೋಗ್ರಾಮುಗಳು. ಉಳಿದುಕೊಂಡುದು ಬರೆಯುವವರ ಹಕ್ಕು. ಮೇಲೆ ಹೇಳಿದ ಸುಧಾರಣೆಗಳೂ ಅದೇ ಜಾತಿಯವು. ಅವುಗಳಲ್ಲಿ ಯಾವುದೂ ಕೈಗೆ ಹೊಸ ಪಾಠವನ್ನು ಕಲಿಸುವುದಿಲ್ಲ. ಕೈ ಕಲಿತುದನ್ನು ಯಂತ್ರವು ಗೌರವಿಸುವಂತೆ ಮಾಡುತ್ತವೆ. ಮೂರು ದಶಕಗಳಲ್ಲಿ ಒಂದು ಲೈಬ್ರರಿಯು ಗಳಿಸಿದ ವಿಶ್ವಾಸವು ಇಷ್ಟು ಬದಲಾವಣೆಯನ್ನು ತಾಳಲಾರದಷ್ಟು ದುರ್ಬಲವಾದುದಲ್ಲ.